ಕಟ್ಟಿದ ಕೈಗಳ ಲೆಕ್ಕ

ಹೊಟ್ಟೆಯಲ್ಲಿ ನೋವು ಬಂದರೆ ಮಾತು ಬಲ್ಲವನು ನೋಯುತ್ತಿದೆ ಎನ್ನುತ್ತಾನೆ. ಸೆಕೆಯಾದರೆ ಕಿಟಕಿ ತೆರೆಯಿರೆನ್ನುತ್ತಾನೆ. ಬೇಡದ ಊಟ ಬಂದರೆ ಬೇಡವೆನ್ನುತ್ತಾನೆ. ಬುದ್ಧಿಯ ಬೆಳವಣಿಗೆ ಕುಂಠಿತವಾಗಿ ಮಾತೂ ಬಾರದ ಮನುಷ್ಯನಿಗೆ ಈ ದಾರಿಗಳಿಲ್ಲ. ಅವನು ಕೂಗಬಹುದು, ತಟ್ಟೆಯನ್ನು ಎಸೆಯಬಹುದು, ಹತ್ತಿರ ಬಂದವರನ್ನು ಕಚ್ಚಬಹುದು, ತನ್ನ ತಲೆಯನ್ನೇ ಗೋಡೆಗೆ ಚಚ್ಚಿಕೊಳ್ಳಬಹುದು. ಮನೆಯಲ್ಲಾದರೆ ತಾಯಿ ಅದರ ಅರ್ಥವನ್ನು ಹೇಗೋ ಊಹಿಸಿಕೊಳ್ಳುತ್ತಾಳೆ. ಆದರೆ ತಂದೆತಾಯಿಗಳಿಗೆ ವಯಸ್ಸಾಗುತ್ತದೆ. ಮಗನ ತೋಳಿಗೆ ಬಲ ಬರುತ್ತದೆ. ತಮ್ಮ ಕಾಲಾನಂತರ ಇವನ ಗತಿಯೇನು ಎಂಬ ಪ್ರಶ್ನೆ ಎಷ್ಟೋ ಮನೆಗಳಲ್ಲಿ ರಾತ್ರಿಯ ನಿದ್ದೆಯನ್ನು ಕಸಿದುಕೊಂಡಿದೆ. ಕೊನೆಗೆ ಅವನನ್ನು ಯಾವುದೋ ಒಂದು ಪಾಲನಾಗೃಹಕ್ಕೆ ಒಪ್ಪಿಸಬೇಕಾಗುತ್ತದೆ. ಅಲ್ಲಿ ಅವನು ತಟ್ಟೆ ಎಸೆದ ದಿನ ಏನಾಗುತ್ತದೆ? ಅವನನ್ನು ತಡೆಯುವವರಾರು, ಎಷ್ಟು ಹೊತ್ತು ತಡೆಯುತ್ತಾರೆ, ತಡೆದುದಕ್ಕೆ ಯಾರಿಗೆ ಉತ್ತರ ಹೇಳುತ್ತಾರೆ?

ಈ ಪ್ರಶ್ನೆಗಳಿಗೆ ಇನ್ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಆ ಇತಿಹಾಸ ಹೆಚ್ಚಾಗಿ ನಡೆದದ್ದು ಫ್ರಾನ್ಸು, ಇಂಗ್ಲೆಂಡು, ಅಮೆರಿಕಗಳಲ್ಲಿ. ಏಕೆಂದರೆ ಇಂಥವರನ್ನು ಮನೆಯಿಂದ ಬೇರ್ಪಡಿಸಿ ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಕೂಡಿಡುವ ಪದ್ಧತಿ ವಿಪುಲವಾಗಿ ಬೆಳೆದದ್ದು ಅಲ್ಲಿ. ಅವರು ಎಡವಿದ್ದೆಲ್ಲಿ, ಎದ್ದು ನಿಂತದ್ದೆಲ್ಲಿ ಎಂಬುದನ್ನು ತಿಳಿದುಕೊಂಡರೆ ನಮಗೂ ಪ್ರಯೋಜನವುಂಟು.

ಮೊದಲು ಪ್ಯಾರಿಸ್ ನಗರದ ಬಿಸೆತ್ರ್ ಎಂಬ ಆಸ್ಪತ್ರೆಗೆ ಹೋಗೋಣ. ಹದಿನೆಂಟನೆಯ ಶತಮಾನದ ಕೊನೆಯ ಭಾಗ. ಆ ಕಾಲದಲ್ಲಿ ಚಿತ್ತವಿಕಾರ ಹೊಂದಿದವರು, ಹುಟ್ಟಿನಿಂದ ಬುದ್ಧಿ ಬೆಳೆಯದವರು, ಮೂರ್ಛೆರೋಗಿಗಳು ಎಂಬ ಭೇದ ಅಷ್ಟಾಗಿ ಇರಲಿಲ್ಲ. ಎಲ್ಲರೂ ಒಂದೇ ಆವರಣದೊಳಗೆ ಇರುತ್ತಿದ್ದರು, ಅನೇಕರು ಸಂಕೋಲೆಗಳಲ್ಲಿ. ಅಲ್ಲಿನ ಮೇಲ್ವಿಚಾರಕ ಝಾನ್ ಬಾಪ್ತಿಸ್ತ್ ಪುಸ್ಸಾಂ. ಆತ ವೈದ್ಯನಲ್ಲ, ಕಸುಬಿನಲ್ಲಿ ಚರ್ಮ ಹದಮಾಡುವವನು. ಗಂಡಮಾಲೆಯ ರೋಗಕ್ಕೆಂದು ಅದೇ ಆಸ್ಪತ್ರೆಗೆ ಬಂದು ಗುಣ ಹೊಂದಿ, ಅಲ್ಲಿಯೇ ಕೆಲಸಕ್ಕೆ ನಿಂತವನು. ರೋಗಿಯಾಗಿದ್ದವನಿಗೆ ರೋಗಿಯ ಕಷ್ಟ ಗೊತ್ತು. ಆಳುಗಳು ಯಾರನ್ನೂ ಹೊಡೆಯಕೂಡದು, ತಿರುಗಿ ಹೊಡೆಯುವುದೂ ಕೂಡದು ಎಂದು ಆತ ಕಟ್ಟುಮಾಡಿದ. ಗುಣಮುಖರಾದ ರೋಗಿಗಳನ್ನೇ ಆಳುಗಳನ್ನಾಗಿ ನೇಮಿಸಿಕೊಂಡ. 1797ರಲ್ಲಿ ಬಿಸೆತ್ರಿನ ಸಂಕೋಲೆಗಳನ್ನು ತೆಗೆಸಿದವನು ಈತನೇ.

ಲೋಕದಲ್ಲಿ ಕೀರ್ತಿ ಬಂದದ್ದು ಮಾತ್ರ ಫಿಲಿಪ್ ಪಿನೆಲ್ ಎಂಬ ವೈದ್ಯನಿಗೆ. ಪಿನೆಲ್ 1793ರಲ್ಲಿ ಬಿಸೆತ್ರಿಗೆ ಬಂದು 1795ರಲ್ಲಿ ಸಾಲ್ಪೆತ್ರಿಯೇರ್ ಎಂಬ ಸ್ತ್ರೀಯರ ಆಸ್ಪತ್ರೆಗೆ ಹೋದ. ಆತನೇ ಸ್ತ್ರೀರೋಗಿಗಳ ಬೇಡಿ ಬಿಡಿಸುತ್ತಿರುವ ಸುಪ್ರಸಿದ್ಧ ವರ್ಣಚಿತ್ರ 1876ರಲ್ಲಿ ರಚಿತವಾಯಿತು. ಪಿನೆಲ್ ಮಾತ್ರ ಪುಸ್ಸಾಂನ ಉಪಕಾರವನ್ನು ಮರೆಯದೆ ತನ್ನ ಬರಹದಲ್ಲಿ ಅವನನ್ನು ಕೊಂಡಾಡಿದ್ದಾನೆ. ಮುಂದೆ 1802ರಲ್ಲಿ ತನ್ನ ಆಸ್ಪತ್ರೆಗೇ ಕರೆಸಿಕೊಂಡ. ಇಲ್ಲೊಂದು ಮಾತನ್ನು ಮರೆಯಬಾರದು. ಕಬ್ಬಿಣ ಹೋದ ಜಾಗಕ್ಕೆ ಬಟ್ಟೆ ಬಂದಿತು: ಉದ್ದ ತೋಳಿನ, ಕೈಗಳನ್ನು ಮೈಗೆ ಸೇರಿಸಿ ಬಿಗಿಯುವ ಒಂದು ಅಂಗಿ. ಕಟ್ಟು ಹೋಗಲಿಲ್ಲ, ಕಟ್ಟಿನ ರೂಪ ಬದಲಾಯಿತು. ಈ ಇತಿಹಾಸದ ಉದ್ದಕ್ಕೂ ನಾವು ಇದನ್ನು ಕಾಣುತ್ತೇವೆ.

ಅದೇ ಪ್ಯಾರಿಸಿಗೆ 1800ರಲ್ಲಿ ಹನ್ನೆರಡು ವರ್ಷದ ಆಸುಪಾಸಿನ ಒಬ್ಬ ಬಾಲಕನನ್ನು ಕರೆತಂದರು. ಅವೆಯ್ರೋಂ ಎಂಬ ಸೀಮೆಯ ಕಾಡಿನಲ್ಲಿ ಒಂಟಿಯಾಗಿ ಅಲೆಯುತ್ತಿದ್ದ ಹುಡುಗ. ಮಾತಿಲ್ಲ, ಮೈಮೇಲೆ ಬಟ್ಟೆ ನಿಲ್ಲದು, ಹತ್ತಿರ ಹೋದರೆ ಕಚ್ಚುವನು. ಇವನು ಹುಟ್ಟು ಮಂದಬುದ್ಧಿಯವನು, ತಿದ್ದುವ ಆಸೆ ವ್ಯರ್ಥ ಎಂದು ಪಿನೆಲ್ ಅಭಿಪ್ರಾಯಪಟ್ಟ. ಕಿವುಡಮೂಗರ ಶಾಲೆಯ ತರುಣ ವೈದ್ಯ ಝಾನ್ ಇತಾರ್ ಒಪ್ಪಲಿಲ್ಲ. ಬಾಲಕನಿಗೆ ವಿಕ್ಟರ್ ಎಂದು ಹೆಸರಿಟ್ಟು ಐದಾರು ವರ್ಷ ಕಲಿಸಿದ. ಮನೆಯಲ್ಲಿ ಅವನ ಊಟ ನಿದ್ದೆಗಳನ್ನು ನೋಡಿಕೊಂಡವಳು ಮದಾಂ ಗೆರಾಂ ಎಂಬ ಗೃಹಿಣಿ. ಪಂಚತಂತ್ರದಲ್ಲಿ ಅರಸನ ಮಂದಮತಿಗಳಾದ ಮಕ್ಕಳಿಗೆ ಗುರು ಕಥೆಗಳಿಂದ ನೀತಿ ಕಲಿಸಿದ್ದನ್ನು ನಾವೆಲ್ಲ ಓದಿದ್ದೇವೆ. ಮಾತೇ ತಿಳಿಯದ ಶಿಷ್ಯನಿಗೆ ಕಥೆ ಹೇಳುವುದೆಂತು? ಇತಾರ್ ಸ್ಪರ್ಶ, ರುಚಿ, ಬಿಸಿನೀರಿನ ಸ್ನಾನ, ಮರದ ಅಕ್ಷರಗಳು, ಇವುಗಳಿಂದ ಆರಂಭಿಸಿದ. ಅಕ್ಷರಗಳನ್ನು ಜೋಡಿಸುವ ಕೆಲಸ ಕಠಿನವಾದಾಗಲೆಲ್ಲ ಹುಡುಗ ಉಗ್ರನಾಗಿ ಎಲ್ಲವನ್ನೂ ಚೆಲ್ಲಾಡಿ ಹೊರಳಾಡುತ್ತಿದ್ದ.

ಇತಾರ್ ಏನು ಮಾಡಿದ? ಬಾಲಕನಿಗೆ ಎತ್ತರವೆಂದರೆ ಅಂಜಿಕೆ ಎಂಬುದು ಅವನಿಗೆ ಗೊತ್ತಿತ್ತು. ಒಂದು ದಿನ ಅವನ ಸೊಂಟ ಹಿಡಿದೆತ್ತಿ, ಮೇಲಂತಸ್ತಿನ ಕಿಟಕಿಯಿಂದಾಚೆಗೆ, ಕೆಳಗಿನ ನೆಲ ಕಾಣುವಂತೆ ಹಿಡಿದ. ಹುಡುಗ ಬಿಳಿಚಿಕೊಂಡು, ಒಳಗೆ ಬಂದೊಡನೆ ಚೆಲ್ಲಿದ್ದನ್ನೆಲ್ಲ ಆಯ್ದಿಟ್ಟು, ಹಾಸಿಗೆಯ ಮೇಲೆ ಬಿದ್ದು ಅತ್ತನು. ಹಠವೇನೋ ತಗ್ಗಿತು. ಇತಾರ್ ಇದನ್ನು ಮುಚ್ಚಿಡದೆ 1801ರ ತನ್ನ ವರದಿಯಲ್ಲಿ ಬರೆದಿದ್ದಾನೆ. ಇಂದು ಅದನ್ನು ಓದುವ ನಮಗೆ ಮೈ ನಡುಗುತ್ತದೆ. ಹೆದರಿಕೆಯಿಂದ ನಡವಳಿಕೆ ಬದಲಾಗುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಬದಲಾದ ಮಾತ್ರಕ್ಕೆ ಆ ಉಪಾಯ ನ್ಯಾಯವಾದೀತೆ?

ನ್ಯಾಯದ ಮಾತು ಇತಾರನ ಮನಸ್ಸಿನಲ್ಲಿಯೂ ಇತ್ತು. ಈ ಬಾಲಕನಿಗೆ ನ್ಯಾಯ ಅನ್ಯಾಯಗಳ ಅರಿವು ಉಂಟೆ, ಅಥವಾ ಬರಿಯ ಭಯದಿಂದ ವಿಧೇಯನಾಗಿದ್ದಾನೆಯೆ ಎಂದು ತಿಳಿಯಲು ಆತ ಒಂದು ಪರೀಕ್ಷೆ ಮಾಡಿದ. ವಿಕ್ಟರ್ ಪಾಠವನ್ನು ಸರಿಯಾಗಿ ಒಪ್ಪಿಸಿ ಬಹುಮಾನಕ್ಕಾಗಿ ಎದುರು ನೋಡುತ್ತಿದ್ದಾಗ, ಇತಾರ್ ಮುಖ ಗಂಟಿಕ್ಕಿ, ಪುಸ್ತಕ ಚೀಟಿಗಳನ್ನು ಚೆಲ್ಲಿ, ತಪ್ಪು ಮಾಡಿದವನನ್ನು ಎಳೆದೊಯ್ಯುವಂತೆ ಕತ್ತಲೆಯ ಕೋಣೆಯ ಕಡೆಗೆ ಎಳೆದ. ಎಂದೂ ಆ ಶಿಕ್ಷೆಗೆ ಎದುರಾಡದಿದ್ದ ಬಾಲಕ ಅಂದು ಶಕ್ತಿ ಮೀರಿ ಸೆಣಸಿ, ಗುರುವಿನ ಕೈಯನ್ನು ಕಚ್ಚಿಬಿಟ್ಟ. ಆ ಕಚ್ಚುವಿಕೆಯಿಂದ ಇತಾರನಿಗೆ ಕೋಪ ಬರಲಿಲ್ಲ, ಹರ್ಷವುಂಟಾಯಿತು. ಪಶುವಿನ ಕಚ್ಚುವಿಕೆಯಲ್ಲ ಅದು. ಅನ್ಯಾಯವನ್ನು ಅರಿತ ಹೃದಯದ ಪ್ರತಿಭಟನೆ. ಇದನ್ನು ಆತ 1806ರ ಎರಡನೆಯ ವರದಿಯಲ್ಲಿ ಬರೆದ.

ಬುದ್ಧಿಮಾಂದ್ಯರ ಪಾಲನೆಯ ಇತಿಹಾಸದಲ್ಲಿ ಇದಕ್ಕಿಂತ ಬೆಲೆಯುಳ್ಳ ಘಟನೆ ನನಗೆ ಕಾಣದು. ಆಸ್ಪತ್ರೆಯ ಕಡತದಲ್ಲಾದರೆ ಅದು 'ಸೇವಕನನ್ನು ಕಚ್ಚಿದ' ಎಂಬ ಒಂದೇ ಸಾಲು. ಹಿಂದು ಮುಂದು ತಿಳಿದವನಿಗೆ ಅದೇ ಸಾಲು ಒಂದು ವಾಕ್ಯ, ಅದಕ್ಕೊಂದು ಅರ್ಥ. ನಮ್ಮ ಭಾಷೆಯೇ ಈ ವಿಷಯದಲ್ಲಿ ಒಂದು ಪಾಠ ಹೇಳುತ್ತದೆ. 'ಶಿಕ್ಷಾ' ಎಂಬ ಸಂಸ್ಕೃತ ಶಬ್ದಕ್ಕೆ ಮೂಲದಲ್ಲಿ ಕಲಿಕೆ, ಕಲಿಸುವಿಕೆ ಎಂದು ಅರ್ಥ. ವೇದಾಂಗಗಳಲ್ಲಿ ಮೊದಲನೆಯದಕ್ಕೆ ಅದೇ ಹೆಸರು. ಕನ್ನಡದಲ್ಲಿ ಶಿಕ್ಷಣ, ಶಿಕ್ಷಕ ಎಂಬಲ್ಲಿ ಆ ಅರ್ಥ ಉಳಿದಿದೆ. ಶಿಕ್ಷೆ ಎಂದೊಡನೆ ದಂಡನೆಯೇ ನೆನಪಾಗುತ್ತದೆ. ಕಲಿಸುವ ತಾಳ್ಮೆ ತೀರಿದಲ್ಲಿ ದಂಡನೆ ಬಂದು ಕೂರುವುದು ಶಬ್ದಕೋಶದಲ್ಲಿ ಮಾತ್ರವಲ್ಲ, ಪಾಲನಾಗೃಹಗಳಲ್ಲಿಯೂ ನಡೆದ ಸಂಗತಿ.

ವಿಕ್ಟರ್ ಕೆಲವೇ ಶಬ್ದಗಳನ್ನು ಕಲಿತ. ಇತಾರ್ ನಿರಾಶನಾಗಿ ಪ್ರಯೋಗವನ್ನು ನಿಲ್ಲಿಸಿದ. ಮದಾಂ ಗೆರಾಂ ಮಾತ್ರ ಕೈಬಿಡಲಿಲ್ಲ. 1828ರಲ್ಲಿ ಸಾಯುವವರೆಗೆ ವಿಕ್ಟರ್ ಆಕೆಯ ಆಶ್ರಯದಲ್ಲಿದ್ದ.

ಈಗ ಇಂಗ್ಲೆಂಡಿಗೆ ಬರೋಣ. 1790ರಲ್ಲಿ ಯಾರ್ಕ್ ನಗರದ ಆಸ್ಪತ್ರೆಯಲ್ಲಿ ಹ್ಯಾನಾ ಮಿಲ್ಸ್ ಎಂಬ ವಿಧವೆ ಸೇರಿದ ಕೆಲವೇ ವಾರಗಳಲ್ಲಿ ತೀರಿಕೊಂಡಳು. ಆಕೆಯ ಮತಬಾಂಧವರಾದ ಕ್ವೇಕರರಿಗೆ ಅವಳನ್ನು ನೋಡಲು ಅವಕಾಶ ದೊರೆತಿರಲಿಲ್ಲ. ಬಾಗಿಲು ಮುಚ್ಚಿದ ಮನೆಯೊಳಗೆ ಏನು ನಡೆಯಿತೆಂದು ಯಾರಿಗೂ ತಿಳಿಯಲಿಲ್ಲ. ಇದರಿಂದ ನೊಂದು, ಚಹಾ ಮತ್ತು ಕಾಫಿಯ ವರ್ತಕ ವಿಲಿಯಂ ಟ್ಯೂಕ್ 1796ರಲ್ಲಿ 'ರಿಟ್ರೀಟ್' ಎಂಬ ಆಶ್ರಯಧಾಮವನ್ನು ತೆರೆದ. ಮೂವತ್ತರಷ್ಟು ಜನ; ತೋಟದ ಕೆಲಸ, ಅಂಗಳದಲ್ಲಿ ಮೊಲ ಕೋಳಿಗಳು, ಮನೆಯ ಊಟ. ಕಟ್ಟುವುದು ಪೂರ್ತಿ ನಿಂತಿತೆಂದಲ್ಲ, ಅಪರೂಪವಾಯಿತು. ಮನೆ ಚಿಕ್ಕದಾಗಿದ್ದುದರಿಂದ ಒಬ್ಬೊಬ್ಬರ ಸ್ವಭಾವವೂ ನೋಡಿಕೊಳ್ಳುವವರಿಗೆ ತಿಳಿದಿತ್ತು.

ಚಿಕ್ಕ ಧರ್ಮಸಂಸ್ಥೆಯಲ್ಲಿ ಸಾಧ್ಯವಾದದ್ದು ದೊಡ್ಡ ಆಸ್ಪತ್ರೆಯಲ್ಲಿ ಸಾಧ್ಯವೆ? ಇದಕ್ಕೆ ಉತ್ತರ ಕೊಟ್ಟದ್ದು ಲಿಂಕನ್ ಎಂಬ ಊರು. 1829ರಲ್ಲಿ ಅಲ್ಲಿನ ಆಸ್ಪತ್ರೆಯಲ್ಲಿ ರಾತ್ರಿ ಬಿಗಿಯಂಗಿ ತೊಡಿಸಿ ಮಂಚಕ್ಕೆ ಕಟ್ಟಿದ್ದ ಒಬ್ಬ ರೋಗಿ, ನೋಡುವವರಿಲ್ಲದೆ ಆ ಕಟ್ಟಿನಲ್ಲಿಯೇ ಸತ್ತ. ಅಲ್ಲಿನ ವೈದ್ಯ ಎಡ್ವರ್ಡ್ ಚಾರ್ಲ್ಸ್‌ವರ್ತ್‌ನ ಪ್ರಯತ್ನದಿಂದ, ರಾತ್ರಿ ಕಟ್ಟಿದವರ ಬಳಿ ಕಾವಲಿರಬೇಕೆಂಬ ನಿಯಮ ಬಂದಿತು. ಜೊತೆಗೆ, ಮೇಲುನೋಟಕ್ಕೆ ಕ್ಷುಲ್ಲಕವೆನಿಸುವ ಇನ್ನೊಂದು ನಿಯಮವೂ ಜಾರಿಯಾಯಿತು: ಯಾರನ್ನು ಕಟ್ಟಿದರು, ಯಾವ ಸಾಧನದಿಂದ ಕಟ್ಟಿದರು, ಎಷ್ಟು ಗಂಟೆ ಕಟ್ಟಿದರು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆಯಬೇಕು.

ಬರೆದದ್ದನ್ನು ಕೂಡಿ ನೋಡಿದಾಗ ನೋಡಿದವರೇ ಬೆರಗಾಗಬೇಕು. 1830ರಲ್ಲಿ ಆ ಆಸ್ಪತ್ರೆಯಲ್ಲಿದ್ದವರು 92 ಜನ. ಅವರಲ್ಲಿ 54 ಜನರನ್ನು ಒಟ್ಟು 27 ಸಾವಿರ ಗಂಟೆಗಳಿಗೂ ಮೀರಿ ಕಟ್ಟಲಾಗಿತ್ತು. ಅಂಕೆ ಕಣ್ಣೆದುರಿಗೆ ಬಂದ ಮೇಲೆ ಪ್ರತಿಯೊಂದು ಕಟ್ಟಿಗೂ ಕಾರಣ ಕೇಳುವಂತಾಯಿತು. ಕಾರಣ ಹೇಳಬೇಕಾದಾಗ ಕಟ್ಟುಗಳು ಸಡಿಲಿದವು. 1835ರಲ್ಲಿ ಅಲ್ಲಿಗೆ ಬಂದ ತರುಣ ವೈದ್ಯ ರಾಬರ್ಟ್ ಗಾರ್ಡಿನರ್ ಹಿಲ್ ಆ ಪುಸ್ತಕಗಳನ್ನು ಅಭ್ಯಾಸ ಮಾಡಿ, ಕಟ್ಟುವುದು ಪೂರ್ತಿಯಾಗಿ ಅನಾವಶ್ಯಕವೆಂಬ ನಿರ್ಣಯಕ್ಕೆ ಬಂದ. 1837ರಲ್ಲಿ 130 ಜನರಿದ್ದರು. ಕಟ್ಟಿದ್ದು ಇಬ್ಬರನ್ನು, ವರ್ಷಕ್ಕೆಲ್ಲ 28 ಗಂಟೆ. 1838ರಲ್ಲಿ ಒಬ್ಬರನ್ನೂ ಕಟ್ಟಲಿಲ್ಲ. ರೋಗಿಗಳ ಸಂಖ್ಯೆ ಏರಿತ್ತು; ಕಟ್ಟಿದ ಗಂಟೆಗಳು ಸೊನ್ನೆಗೆ ಇಳಿದಿದ್ದವು.

ಹಿಲ್ ಇದನ್ನು ಪವಾಡವೆಂದು ಹೇಳಲಿಲ್ಲ. ಕಟ್ಟು ತೆಗೆದ ಜಾಗದಲ್ಲಿ ಮನುಷ್ಯರನ್ನು ಇಡಬೇಕು ಎಂದ: ದೃಢಕಾಯರಾದ, ಒಳ್ಳೆಯ ನಡತೆಯ ಆಳುಗಳು, ಹಗಲಿರುಳೂ ಎಚ್ಚರದ ಮೇಲ್ವಿಚಾರಣೆ. ಕಟ್ಟುವುದು ಅಗ್ಗ; ನೋಡಿಕೊಳ್ಳುವುದು ದುಬಾರಿ. ಇದು ಅಂದಿಗೂ ಸತ್ಯ, ಇಂದಿಗೂ ಸತ್ಯ. ಹಿಲ್‌ಗೆ ವಿರೋಧಿಗಳು ಬಹಳ. 1840ರಲ್ಲಿ ಆತ ಕೆಲಸ ಬಿಡಬೇಕಾಯಿತು. ಆದರೆ ಆ ವೇಳೆಗೆ ಲಂಡನ್ನಿನ ಬಳಿಯ ಹ್ಯಾನ್‌ವೆಲ್ ಆಸ್ಪತ್ರೆಯ ಜಾನ್ ಕಾನಲಿ ಲಿಂಕನ್ನಿಗೆ ಬಂದು ನೋಡಿ ಹೋಗಿದ್ದ. ಎಂಟುನೂರಕ್ಕೂ ಮಿಕ್ಕ ರೋಗಿಗಳಿದ್ದ ಆ ಆಸ್ಪತ್ರೆಯಲ್ಲಿ ಆತ 1839ರ ಸೆಪ್ಟೆಂಬರ್ ಹೊತ್ತಿಗೆ ಕಟ್ಟುವ ಸಾಧನಗಳನ್ನೆಲ್ಲ ನಿಲ್ಲಿಸಿಬಿಟ್ಟ. ಗೋಡೆಗೆ ಮೆತ್ತೆ ಹಾಕಿದ ಒಂಟಿಕೋಣೆಯನ್ನು ಉಪಯೋಗಿಸಿದನೆಂಬುದನ್ನೂ ಹೇಳಬೇಕು. ಕಬ್ಬಿಣದಿಂದ ಬಟ್ಟೆಗೆ, ಬಟ್ಟೆಯಿಂದ ಕೋಣೆಗೆ ಕಟ್ಟು ಮತ್ತೆ ರೂಪ ಬದಲಿಸಿತು.

ಇತಾರನ ಶಿಷ್ಯ ಎದುವಾರ್ ಸೆಗೆಂ ಗುರುವಿನ ಕೆಲಸವನ್ನು ಮುಂದುವರಿಸಿ, ಬುದ್ಧಿಮಾಂದ್ಯ ಮಕ್ಕಳಿಗೂ ಕ್ರಮವಾದ ಶಿಕ್ಷಣ ಸಾಧ್ಯವೆಂದು ತೋರಿಸಿಕೊಟ್ಟ. 1850ರಲ್ಲಿ ಅಮೆರಿಕಕ್ಕೆ ಹೋದ. ಅಲ್ಲಿ 1848ರಲ್ಲಿಯೇ ಸ್ಯಾಮ್ಯುಯೆಲ್ ಹೋ ಎಂಬಾತ ಮ್ಯಾಸಚೂಸೆಟ್ಸಿನಲ್ಲಿ ಇಂಥ ಮಕ್ಕಳಿಗೆ ಶಾಲೆ ತೆರೆದಿದ್ದ. ಮಕ್ಕಳು ಕೆಲವು ವರ್ಷ ಕಲಿತು ತಂತಮ್ಮ ಮನೆಗಳಿಗೆ ಮರಳಬೇಕು ಎಂಬುದು ಆ ಶಾಲೆಗಳ ಉದ್ದೇಶ. ಕಾಲಕ್ರಮದಲ್ಲಿ ಶಾಲೆಗಳು ಉಗ್ರಾಣಗಳಾದವು. ಮರಳುವವರು ಕಡಿಮೆ, ಸೇರುವವರು ಹೆಚ್ಚು. ಊರಿನಿಂದ ದೂರದಲ್ಲಿ ಸಾವಿರಾರು ಜನರ ಕಟ್ಟಡಗಳೆದ್ದವು. ಒಬ್ಬ ಸೇವಕಿಗೆ ಹತ್ತಾರು ಮಂದಿ. ಅಷ್ಟು ಜನರಿಗೆ ತುತ್ತು ತಿನ್ನಿಸುವುದರಲ್ಲೇ ಹೊತ್ತು ಕಳೆಯುವಾಗ ಯಾರ ಕೂಗಿಗೆ ಯಾರು ಅರ್ಥ ಹುಡುಕಬೇಕು? 1952ರಿಂದೀಚೆಗೆ ಮನೋರೋಗಕ್ಕೆಂದು ಹೊಸ ಔಷಧಗಳು ಬಂದವು. ರೋಗಿಗಳಿಗೆ ಅವು ವರವಾದದ್ದು ನಿಜ. ಆದರೆ ರೋಗವಿಲ್ಲದೆ ಬರಿಯ ಗಲಾಟೆಯಿದ್ದವರಿಗೂ ಅವನ್ನು ನುಂಗಿಸುವ ರೂಢಿ ಬೆಳೆಯಿತು. ಇದು ಕಣ್ಣಿಗೆ ಕಾಣದ ಸಂಕೋಲೆ.

ನ್ಯೂಯಾರ್ಕಿನ ವಿಲ್ಲೋಬ್ರೂಕ್ ಇದರ ಪರಾಕಾಷ್ಠೆ. ನಾಲ್ಕು ಸಾವಿರ ಜನರಿಗೆಂದು ಕಟ್ಟಿದ ಆ ಸಂಸ್ಥೆಯಲ್ಲಿ 1965ರ ಹೊತ್ತಿಗೆ ಆರು ಸಾವಿರಕ್ಕೂ ಹೆಚ್ಚು ಮಂದಿ ತುಂಬಿದ್ದರು. ಆ ವರ್ಷ ಸೆನೆಟರ್ ರಾಬರ್ಟ್ ಕೆನೆಡಿ ಅದನ್ನು ನೋಡಿ ಹಾವಿನ ಹುತ್ತಕ್ಕೆ ಹೋಲಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಬರ್ಟನ್ ಬ್ಲಾಟ್ ಎಂಬ ಪ್ರಾಧ್ಯಾಪಕರು, ಕ್ಯಾಮೆರಾವನ್ನು ಬಚ್ಚಿಟ್ಟುಕೊಂಡ ಗೆಳೆಯರೊಬ್ಬರೊಡನೆ ಇಂಥ ಕೆಲವು ಸಂಸ್ಥೆಗಳನ್ನು ಹೊಕ್ಕು, 1966ರಲ್ಲಿ ಚಿತ್ರಗಳ ಒಂದು ಪುಸ್ತಕವನ್ನು ಹೊರತಂದರು. 1972ರಲ್ಲಿ ಟೆಲಿವಿಷನ್ ವಿಲ್ಲೋಬ್ರೂಕಿನ ಒಳಗನ್ನು ಮನೆಮನೆಗೆ ತೋರಿಸಿತು. ತಂದೆತಾಯಿಗಳು ನ್ಯಾಯಾಲಯಕ್ಕೆ ಹೋದರು. 1975ರಲ್ಲಿ ಒಪ್ಪಂದದ ತೀರ್ಪಾಯಿತು. 1987ರಲ್ಲಿ ಸಂಸ್ಥೆ ಮುಚ್ಚಿತು.

ಅದೇ ಕಾಲದ ಇನ್ನೊಂದು ಮೊಕದ್ದಮೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಫಿಲಡೆಲ್ಫಿಯಾ ನಗರದ ನಿಕೋಲಾಸ್ ರೋಮಿಯೋ ದೇಹದಲ್ಲಿ ಯುವಕ, ಬುದ್ಧಿಯಲ್ಲಿ ಒಂದೂವರೆ ವರ್ಷದ ಮಗು, ಮಾತಿಲ್ಲ. ಇಪ್ಪತ್ತಾರನೆಯ ವಯಸ್ಸಿನವರೆಗೂ ತಂದೆತಾಯಿಯರ ಜೊತೆಗಿದ್ದ. 1974ರ ಮೇ ತಿಂಗಳಲ್ಲಿ ತಂದೆ ತೀರಿಕೊಂಡರು. ಮಗನ ಆವೇಶವನ್ನು ಒಬ್ಬಳೇ ತಡೆಯಲಾರದೆ, ಎರಡು ವಾರದೊಳಗೆ ತಾಯಿ ಸರ್ಕಾರದ ಆಶ್ರಯ ಬೇಡಿದಳು. ಅವನನ್ನು ಪೆನ್‌ಹರ್ಸ್ಟ್ ಎಂಬ ಸಂಸ್ಥೆಗೆ ಸೇರಿಸಿದರು. ಎರಡು ವರ್ಷ ನಾಲ್ಕು ತಿಂಗಳಲ್ಲಿ ಅವನ ಮೈಗೆ ಕನಿಷ್ಠ 63 ಸಲ ಗಾಯಗಳಾದವು. ಕೆಲವನ್ನು ತಾನೇ ಮಾಡಿಕೊಂಡ, ಕೆಲವನ್ನು ಜೊತೆಯವರು ಮಾಡಿದರು. ಕೈ ಮುರಿದು ಆಸ್ಪತ್ರೆಗೆ ಸಾಗಿಸಿದಾಗ ಅಲ್ಲಿಯೂ ದಿನದ ಬಹುಹೊತ್ತು ಕಟ್ಟಿಹಾಕಿದರು. ತಾಯಿ ಮೊಕದ್ದಮೆ ಹೂಡಿದಳು.

1982ರ ಜೂನ್ 18ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಸರ್ಕಾರದ ಆಶ್ರಯದಲ್ಲಿರುವ ಇಂಥ ಮನುಷ್ಯನಿಗೆ ಸುರಕ್ಷಿತವಾಗಿರುವ ಹಕ್ಕುಂಟು. ಅಕಾರಣವಾಗಿ ಕಟ್ಟಿಸಿಕೊಳ್ಳದಿರುವ ಹಕ್ಕುಂಟು. ಈ ಎರಡಕ್ಕೂ ಅಗತ್ಯವಾದಷ್ಟು ತರಬೇತಿ ಪಡೆಯುವ ಹಕ್ಕೂ ಉಂಟು. ಮೂರನೆಯ ಮಾತು ಮುಖ್ಯ. ಕಟ್ಟದೆ ಇರಬೇಕಾದರೆ ಕಲಿಸಬೇಕು. ಕಲಿಸದೆ ಬಿಟ್ಟು ಆಮೇಲೆ ಕಟ್ಟುವುದು ನ್ಯಾಯವಲ್ಲ. ಶಿಕ್ಷಾ ಶಬ್ದದ ಹಳೆಯ ಅರ್ಥವನ್ನು ನ್ಯಾಯಾಲಯ ಮತ್ತೆ ಎತ್ತಿಹಿಡಿದಂತಾಯಿತು.

ಕಲಿಸುವುದೆಂದರೆ ಏನನ್ನು? ಇದಕ್ಕೂ ಅದೇ ಹೊತ್ತಿಗೆ ಉತ್ತರ ದೊರೆಯಿತು. 1982ರಲ್ಲಿ ಬ್ರಯನ್ ಇವಾಟ ಮತ್ತು ಅವರ ಜೊತೆಯವರು ತಮ್ಮನ್ನು ತಾವೇ ಗಾಯಪಡಿಸಿಕೊಳ್ಳುವ ಒಂಬತ್ತು ಮಂದಿಯನ್ನು ಬೇರೆ ಬೇರೆ ಸಂದರ್ಭಗಳಲ್ಲಿಟ್ಟು ಗಮನಿಸಿದರು: ಒಂಟಿಯಾಗಿದ್ದಾಗ, ಕಷ್ಟದ ಕೆಲಸ ಕೊಟ್ಟಾಗ, ಇತರರು ಗಮನ ಕೊಟ್ಟಾಗ, ಆಟದಲ್ಲಿದ್ದಾಗ. ಒಂದೇ ಬಗೆಯ ಚಚ್ಚಿಕೊಳ್ಳುವಿಕೆಗೆ ಒಬ್ಬೊಬ್ಬರಲ್ಲಿ ಒಂದೊಂದು ಕಾರಣವಿತ್ತು. ಒಬ್ಬನಿಗೆ ಬೇಕಾದದ್ದು ಜನರ ಗಮನ, ಇನ್ನೊಬ್ಬನಿಗೆ ಕೆಲಸದಿಂದ ಬಿಡುಗಡೆ. 1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡುರಾಂಡ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಪಾಠ ಕಠಿನವಾದಾಗ ಗಲಾಟೆ ಮಾಡುವ ಮಗುವಿಗೆ ಸಹಾಯ ಕೇಳುವುದನ್ನೂ, ಗಮನಕ್ಕಾಗಿ ಗಲಾಟೆ ಮಾಡುವ ಮಗುವಿಗೆ ಮೆಚ್ಚುಗೆ ಕೇಳುವುದನ್ನೂ ಕಲಿಸಿದರು. ನಾಲ್ಕು ಮಕ್ಕಳಲ್ಲಿಯೂ ಗಲಾಟೆ ಇಳಿಯಿತು. ಮಾತಾಡುವವರಿಗೆ ಮಾತು, ಆಡಲಾರದವರಿಗೆ ಸಂಜ್ಞೆ ಅಥವಾ ಚಿತ್ರ: ಹೊಡೆತಕ್ಕೆ ಬದಲಾಗಿ ಕೈಗೆ ಒಂದು ಭಾಷೆ ಕೊಡುವುದು ಇಂದಿನ ಪದ್ಧತಿಯ ತಿರುಳು. ವಿಕ್ಟರನ ಕಚ್ಚುವಿಕೆಯಲ್ಲಿ ಇತಾರ್ ಓದಿದ ಅರ್ಥವನ್ನು ನೂರೆಂಬತ್ತು ವರ್ಷಗಳ ಮೇಲೆ ಶಾಸ್ತ್ರವಾಗಿ ಬೆಳೆಸಿದರೆನ್ನಬಹುದು.

ಇಂಥ ನಡವಳಿಕೆಗೆ ಇಂಗ್ಲೆಂಡಿನಲ್ಲಿ 1980ರ ದಶಕದಲ್ಲಿ ಬಳಕೆಗೆ ಬಂದ ಹೆಸರು 'ಸವಾಲೊಡ್ಡುವ ನಡವಳಿಕೆ'. ಸವಾಲು ಯಾರಿಗೆ? ಪಾಲಿಸುವವರಿಗೆ. ದೋಷವನ್ನು ಮನುಷ್ಯನ ಮೇಲೆ ಹೊರಿಸದೆ, ಉತ್ತರಿಸುವ ಹೊಣೆಯನ್ನು ಸಂಸ್ಥೆಯ ಮೇಲೆ ಇಡುವ ಹೆಸರು ಇದು.

ಹೆಸರು ಬದಲಾದ ಮಾತ್ರಕ್ಕೆ ಒಳಗಿನದು ಬದಲಾಗದು ಎಂಬುದನ್ನು ಅದೇ ಇಂಗ್ಲೆಂಡು 2011ರಲ್ಲಿ ಕಂಡಿತು. ಬ್ರಿಸ್ಟಲ್ ನಗರದ ಬಳಿಯ ವಿಂಟರ್‌ಬೋರ್ನ್ ವ್ಯೂ ಇಪ್ಪತ್ತನಾಲ್ಕು ಹಾಸಿಗೆಗಳ ಖಾಸಗಿ ಆಸ್ಪತ್ರೆ. ಒಬ್ಬೊಬ್ಬರಿಗೆ ವಾರಕ್ಕೆ ಸರಾಸರಿ 3,500 ಪೌಂಡು ವೆಚ್ಚ. ಹಣದ ಕೊರತೆಯಿರಲಿಲ್ಲ. ಒಳಗೆ ಸೇವಕರು ಬುದ್ಧಿಮಾಂದ್ಯರಾದ ನಿವಾಸಿಗಳನ್ನು ನೆಲಕ್ಕೊತ್ತಿ ಹಿಡಿಯುತ್ತಿದ್ದರು, ಹೊಡೆಯುತ್ತಿದ್ದರು, ಹಂಗಿಸುತ್ತಿದ್ದರು. ಬಿಬಿಸಿಯ ವರದಿಗಾರರೊಬ್ಬರು ಸೇವಕನಾಗಿ ಸೇರಿ ಗುಪ್ತವಾಗಿ ಚಿತ್ರೀಕರಿಸಿದ್ದು ಮೇ 31ರಂದು ಪ್ರಸಾರವಾಯಿತು. 2012ರಲ್ಲಿ ಹನ್ನೊಂದು ಮಂದಿಗೆ ಶಿಕ್ಷೆಯಾಯಿತು. ಆರು ಮಂದಿ ಜೈಲಿಗೆ ಹೋದರು.

ವಿಚಾರಣೆಯಲ್ಲಿ ಹೊರಬಿದ್ದ ಒಂದು ಸಂಗತಿ ನಮ್ಮ ಕಥೆಗೆ ಬೇಕಾದದ್ದು. ಆ ಆಸ್ಪತ್ರೆಯಲ್ಲಿ ಲೆಕ್ಕದ ಪುಸ್ತಕವಿತ್ತು. ಹಿಡಿದು ತಡೆದ ಪ್ರಸಂಗಗಳು 2010ರಲ್ಲಿ 379 ಎಂದೂ, 2011ರ ಮೊದಲ ಮೂರು ತಿಂಗಳಲ್ಲಿ 129 ಎಂದೂ ಸಂಸ್ಥೆಯವರೇ ಬರೆದಿಟ್ಟಿದ್ದರು. ಲಿಂಕನ್ನಿನಲ್ಲಿ ಪುಸ್ತಕ ಬರೆದರು, ಓದಿದರು, ಏಕೆ ಎಂದು ಕೇಳಿದರು. ಆದುದರಿಂದ ಅಂಕೆ ಇಳಿಯಿತು. ಇಲ್ಲಿ ಬರೆದರು, ಕೇಳುವವರಿಲ್ಲ. ಒಬ್ಬ ಹಿರಿಯ ದಾದಿಯಾಗಿದ್ದವರು ದೂರು ಕೊಟ್ಟರೂ ಮೇಲಿನವರು ಕಿವಿಗೊಡಲಿಲ್ಲ. ಹಾಜರಿ ಪುಸ್ತಕವನ್ನು ತುಂಬಿದ ಮಾತ್ರಕ್ಕೆ ಮಕ್ಕಳು ಶಾಲೆಗೆ ಬಂದಂತಾಗದು ಎಂಬುದು ಉಪಾಧ್ಯಾಯರಿಗೆಲ್ಲ ಗೊತ್ತಿರುವ ಮಾತು.

ನಮ್ಮ ದೇಶದ ವಿಚಾರಕ್ಕೆ ಬಂದರೆ, 2001ರ ಆಗಸ್ಟ್ 6ರ ಬೆಳಗಿನ ಜಾವವನ್ನು ಮರೆಯುವಂತಿಲ್ಲ. ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿಕೊಂಡಿದ್ದ ಒಂದು ಗುಡಿಸಲಿಗೆ ಬೆಂಕಿ ಬಿದ್ದಿತು. ಕಾಲಿಗೆ ಸರಪಳಿ ಹಾಕಿದ್ದುದರಿಂದ ಓಡಲಾರದೆ 28 ಮಂದಿ ಮಡಿದರು. ಸರ್ವೋಚ್ಚ ನ್ಯಾಯಾಲಯ ತಾನಾಗಿಯೇ ವಿಚಾರಣೆಗೆ ತೆಗೆದುಕೊಂಡಿತು. 2007ರಲ್ಲಿ ಭಾರತ ಅಂಗವಿಕಲರ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸಮ್ಮತಿಯಿತ್ತಿತು. ಅನಂತರ ಬಂದ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ಸರಪಳಿ ಹಾಕುವುದನ್ನು ಯಾವ ರೀತಿಯಲ್ಲಿಯೂ ಕೂಡದೆಂದು ನಿಷೇಧಿಸಿತು, ಒಂಟಿಕೋಣೆಯನ್ನೂ ನಿಷೇಧಿಸಿತು. ತಕ್ಷಣದ ಅಪಾಯವನ್ನು ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಅಗತ್ಯವಿದ್ದಷ್ಟೇ ಹೊತ್ತು, ಹೊಣೆಹೊತ್ತ ಮನೋವೈದ್ಯರ ಅಪ್ಪಣೆಯಂತೆ ತಡೆಯಬಹುದು. ಅದನ್ನು ಬರೆದಿಡಬೇಕು, ಇಪ್ಪತ್ತನಾಲ್ಕು ಗಂಟೆಯೊಳಗೆ ರೋಗಿಯ ಕಡೆಯವರಿಗೆ ತಿಳಿಸಬೇಕು, ತಿಂಗಳಿಗೊಮ್ಮೆ ಮಂಡಳಿಗೆ ವರದಿ ಕಳಿಸಬೇಕು. ದಂಡನೆಗಾಗಿ ತಡೆಯಕೂಡದು. ಆಳುಗಳು ಸಾಲದು ಎಂಬುದನ್ನೇ ಕಾರಣವಾಗಿ ಹೇಳಿಯೂ ತಡೆಯಕೂಡದು. ಲಿಂಕನ್ನಿನ ಪಾಠವೆಲ್ಲ ಈ ಒಂದು ವಿಧಿಯಲ್ಲಿ ಅಡಗಿದೆ.

ಆದರೆ ಇಲ್ಲೊಂದು ತೊಡಕುಂಟು. ಆ ಕಾಯಿದೆಯ ವ್ಯಾಖ್ಯೆಯಲ್ಲಿ ಬುದ್ಧಿಮಾಂದ್ಯತೆ ಮಾನಸಿಕ ರೋಗದೊಳಗೆ ಸೇರಿಲ್ಲ. ಅದು ರೋಗವಲ್ಲವೆಂಬುದು ಸರಿಯೇ. ಪರಿಣಾಮವಾಗಿ, ಬುದ್ಧಿಮಾಂದ್ಯರ ಪಾಲನಾಗೃಹಗಳಿಗೆ ಅನ್ವಯಿಸುವುದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ. ಕ್ರೂರವಾದ, ಅಮಾನವೀಯವಾದ ವರ್ತನೆಯಿಂದ ಇವರನ್ನು ರಕ್ಷಿಸಬೇಕೆಂದು ಅದು ವಿಧಿಸುತ್ತದೆ, ಸಂಸ್ಥೆಗಳು ನೋಂದಣಿಯಾಗಬೇಕೆನ್ನುತ್ತದೆ, ಹಿಂಸೆ ನಡೆಯುತ್ತಿದೆಯೆಂದು ನಂಬಲು ಕಾರಣವುಳ್ಳ ಯಾರಾದರೂ ದಂಡಾಧಿಕಾರಿಗೆ ತಿಳಿಸಬಹುದೆಂದು ಅವಕಾಶ ಕೊಡುತ್ತದೆ. ಆದರೆ ತಡೆದುದಕ್ಕೆ ಕಾರಣ, ತಡೆದ ಹೊತ್ತು, ತಿಂಗಳ ವರದಿ ಎಂದು ಬಿಡಿಬಿಡಿಯಾಗಿ ವಿಧಿಸುವ ಮಾತು ಅದರಲ್ಲಿಲ್ಲ. ಕಾನೂನು ಬಿಟ್ಟ ಈ ಜಾಗವನ್ನು ತಂದೆತಾಯಿಗಳೂ ನೆರೆಹೊರೆಯವರೂ ತುಂಬಬೇಕಾಗಿದೆ.

ತಡೆಯುವ ಪ್ರಸಂಗವೇ ಬಾರದು ಎಂದು ಯಾರೂ ಹೇಳುವಂತಿಲ್ಲ. ರಸ್ತೆಗೆ ನುಗ್ಗುವವನನ್ನು ಹಿಡಿಯಲೇಬೇಕು; ಕಣ್ಣಿಗೆ ಚುಚ್ಚಿಕೊಳ್ಳುವ ಕೈಯನ್ನು ತಡೆಯಲೇಬೇಕು. ನೋಡಿಕೊಳ್ಳುವವರ ಪಾಡನ್ನೂ ನೆನೆಯಬೇಕು. ಕಡಿಮೆ ಸಂಬಳ, ನಿದ್ದೆಯಿಲ್ಲದ ರಾತ್ರಿ, ಮೈಮೇಲೆ ಕಚ್ಚಿದ ಗುರುತು. ಅಂಥವರಿಗೆ ಬರಿಯ ದಯೆಯ ಉಪದೇಶ ಮಾಡಿದರೆ ಫಲವಿಲ್ಲ. ಅವರಿಗೆ ತರಬೇತಿ ಬೇಕು, ಜೊತೆಗಾರರು ಬೇಕು, ಸರದಿಯ ವಿಶ್ರಾಂತಿ ಬೇಕು. ಪುಸ್ಸಾಂ ತಿರುಗಿ ಹೊಡೆಯಬಾರದೆಂದು ಆಳುಗಳಿಗೆ ಅಪ್ಪಣೆ ಮಾಡಿದ್ದಷ್ಟೇ ಅಲ್ಲ, ಆ ಅಪ್ಪಣೆಯನ್ನು ಪಾಲಿಸಬಲ್ಲ ಆಳುಗಳನ್ನು ಆರಿಸಿಕೊಂಡ ಎಂಬುದನ್ನು ಗಮನಿಸಬೇಕು.

ಆದುದರಿಂದ, ತಮ್ಮವರನ್ನು ಒಂದು ಪಾಲನಾಗೃಹಕ್ಕೆ ಒಪ್ಪಿಸಬೇಕಾಗಿ ಬಂದವರು ಕಟ್ಟಡದ ಅಂದವನ್ನೂ ಗೋಡೆಯ ಮೇಲಿನ ಸುಭಾಷಿತಗಳನ್ನೂ ನೋಡಿ ತೃಪ್ತರಾಗದೆ ಕೆಲವು ಪ್ರಶ್ನೆಗಳನ್ನು ಕೇಳಬೇಕು. ರಾತ್ರಿ ಎಷ್ಟು ಜನಕ್ಕೆ ಎಷ್ಟು ಮಂದಿ ಎಚ್ಚರವಿರುತ್ತಾರೆ? ಹೇಳದೆ ಬಂದರೂ ನಮ್ಮವರನ್ನು ನೋಡಗೊಡುತ್ತೀರಾ? ಶಾಂತವಾಗಿರಲೆಂದು ಔಷಧ ಕೊಡುವುದಾದರೆ ಯಾವ ವೈದ್ಯರ ಅಪ್ಪಣೆಯಿಂದ? ಇವನು ಕೋಪಗೊಂಡಾಗ ಅದರ ಹಿಂದಿನ ಕಾರಣವನ್ನು ಹುಡುಕುವವರಾರು? ಹಿಡಿದು ತಡೆದ ದಿನ ಅದನ್ನು ಎಲ್ಲಿ ಬರೆಯುತ್ತೀರಿ, ಬರೆದದ್ದನ್ನು ಯಾರು ಓದುತ್ತಾರೆ, ನಮಗೆ ತೋರಿಸುತ್ತೀರಾ?

ಜೊತೆಗೆ ನಾವೂ ಒಂದು ಪುಸ್ತಕವನ್ನು ಬರೆದು ಕೊಡಬೇಕು. ಇವನು ಕಿವಿ ಮುಚ್ಚಿಕೊಂಡರೆ ಸದ್ದು ಹೆಚ್ಚಾಯಿತೆಂದರ್ಥ. ತಟ್ಟೆ ಸರಿಸಿದರೆ ಅನ್ನ ಬಿಸಿಯಾಗಿದೆಯೆಂದರ್ಥ. ಸಂಜೆ ಬಾಗಿಲ ಬಳಿ ನಿಂತರೆ ತಂದೆಯ ದಾರಿ ಕಾಯುತ್ತಿದ್ದಾನೆಂದರ್ಥ. ತಾಯಿಯೊಬ್ಬಳಿಗೆ ಮಾತ್ರ ತಿಳಿದಿರುವ ಈ ನಿಘಂಟು ಅವಳ ಜೊತೆಯಲ್ಲಿಯೇ ಮುಗಿದುಹೋಗಬಾರದು. ಇಂದೇ ಒಂದು ನೋಟುಬುಕ್ಕು ತೆಗೆದುಕೊಂಡು ಬರೆಯಲು ಆರಂಭಿಸಬಹುದು.